ಭಾನುವಾರದ ಬಾಡು, ಗುರುವಾರದ ಊಟ

ಕೋಳಿಯೊಂದನ್ನು ಕೊಯ್ದರೆ ಒಂದು ಮನೆಯ ಒಂದು ಹೊತ್ತಿಗೆ ಸರಿಹೋಗುತ್ತದೆ. ಕುರಿಯಾದರೆ ಬೀಗರೂಟಕ್ಕೆ ಸಾಕು. ಎಮ್ಮೆಯೋ ಎತ್ತೋ ಆದರೆ ಮಾಂಸವೇ ನೂರು ಕಿಲೋ ದಾಟುತ್ತದೆ. ಯಾವ ಮನೆಯೂ ಅದನ್ನು ಒಂದು ದಿನದಲ್ಲಿ ತಿಂದು ಮುಗಿಸಲಾರದು. ಹಂಚಬೇಕು, ಮಾರಬೇಕು, ಇಲ್ಲವೇ ನಾಳೆಗೆ ಕಾಪಿಡಬೇಕು. ಹಾಗಾಗಿ ದೊಡ್ಡ ಮಾಂಸ ತಿನ್ನುವ ಜನ ಎಲ್ಲೇ ಇರಲಿ, ಒಲೆ ಹಚ್ಚುವ ಮೊದಲೇ ನಾಳೆಯ ಲೆಕ್ಕ ಹಾಕಿದವರು. ದಕ್ಷಿಣ ಆಫ್ರಿಕದವರು ವಿನೆಗರ್, ಉಪ್ಪು, ಕೊತ್ತಂಬರಿ ಬೀಜ ಸವರಿ ಒಣಗಿಸಿ ಬಿಲ್ಟಾಂಗ್ ಮಾಡಿದರು. ನೈಜೀರಿಯದ ಹೌಸಾ ಜನ ಕಾಗದದಷ್ಟು ತೆಳ್ಳಗೆ ಸೀಳಿ, ಒಣಗಿಸಿ, ಕಡಲೆಕಾಯಿಯ ಮಸಾಲೆ ಬಳಿದು ಕೆಂಡಕ್ಕೆ ಹಿಡಿದು ಕಿಲಿಶಿ ಮಾಡಿದರು. ಟರ್ಕಿ, ಅರ್ಮೇನಿಯಗಳಲ್ಲಿ ಮೆಂತ್ಯದ ಲೇಪದ ಪಾಸ್ತಿರ್ಮಾ ಬಂತು. ಐರ್ಲೆಂಡಿನ ಕಾರ್ಕ್ ಬಂದರಿನಿಂದ 18ನೇ ಶತಮಾನದಲ್ಲಿ ಉಪ್ಪಿನಲ್ಲಿ ಹೂತ ಗೋಮಾಂಸದ ಪೀಪಾಯಿಗಳು ಬ್ರಿಟಿಷ್ ಹಡಗುಗಳಿಗೂ ಕೆರಿಬಿಯನ್ ತೋಟಗಳಿಗೂ ಹೋದವು. ನಮ್ಮಲ್ಲಿ ಬಕ್ರೀದ್ ಮುಗಿದ ಮೇಲೆ ದಖ್ಖನಿನ ಮನೆಗಳ ಮಾಳಿಗೆಯ ಹಗ್ಗಕ್ಕೆ ಸುಖಾ ಗೋಷ್ತ್ ಏರಿತು. ಹಳೇ ಮೈಸೂರಿನ ಕೇರಿಗಳಲ್ಲಿ ಒಣಗಿಸಿದ ಮಾಂಸ, ಅಂದರೆ ಕೊರಬಾಡು, ಗಡಿಗೆ ಸೇರಿ ಮಳೆಗಾಲದ ಸಾರಿಗೆ ಕಾಯಿತು.

ಭಾನುವಾರ ಒಂದೇ ಸಲ ಬೇಯಿಸಿ ವಾರಪೂರ್ತಿ ತಿನ್ನುವ ಪದ್ಧತಿ ಅಮೆರಿಕದಿಂದ ಮೀಲ್ ಪ್ರೆಪ್ ಎಂಬ ಹೆಸರು ಹೊತ್ತು ಬಂದಾಗ ಅದನ್ನು ಹೊಸ ಆವಿಷ್ಕಾರವೆಂದು ಸಂಭ್ರಮಿಸುವವರೂ, ತಂಗಳು ತಿನ್ನುವ ಸೋಮಾರಿತನವೆಂದು ಮೂಗು ಮುರಿಯುವವರೂ ಒಂದೇ ತಪ್ಪು ಮಾಡುತ್ತಾರೆ. ಇಬ್ಬರಿಗೂ ಆ ಪದ್ಧತಿಯ ಹಿಂದಿನ ಚರಿತ್ರೆ ಕಾಣುವುದಿಲ್ಲ. ಇಲ್ಲಿ ಹೊಸದೆಂದರೆ ಫ್ರಿಜ್ ಒಂದೇ. ಉಪ್ಪು, ಬಿಸಿಲು, ಹೊಗೆ ಮಾಡುತ್ತಿದ್ದ ಕೆಲಸಕ್ಕೆ ಅದು ಬಂದು ನಿಂತಿದೆ. ಆದರೆ ಬಿಸಿಲಿಗೆ ಒಣಗಿದ ಬಾಡು ಸುಲಭಕ್ಕೆ ಕೆಡದು. ಫ್ರಿಜ್ಜಿನಲ್ಲಿಟ್ಟ ಬಾಡು ತನ್ನ ಪಾಡಿಗೆ ತಾನು ನಿಧಾನವಾಗಿ ಕೆಡುತ್ತಲೇ ಇರುತ್ತದೆ. ಈ ವ್ಯತ್ಯಾಸ ಗೊತ್ತಿದ್ದವನು ವಾರದ ಅಡುಗೆಯನ್ನು ಬೇರೆ ರೀತಿಯಲ್ಲಿ ಯೋಜಿಸುತ್ತಾನೆ.

ಹಳೆಯದನ್ನು ಹೊಗಳುವಾಗ ಎಚ್ಚರ ಬೇಕು. ಕೊರಬಾಡನ್ನು ಈಗ ಪರಂಪರೆಯ ಆಹಾರವೆಂದು ತಟ್ಟೆಯಲ್ಲಿ ಅಲಂಕರಿಸಿ ಇಡುವ ಹುಮ್ಮಸ್ಸು ಕೆಲವರಿಗಿದೆ. ಅದು ಒಣಗಿದ್ದು ರುಚಿಗಾಗಿ ಮಾತ್ರವಲ್ಲ. ಊರಿನ ದನ ಸತ್ತಾಗ ಹೊತ್ತೊಯ್ಯುವ ಕೆಲಸ ಯಾರ ತಲೆಗೆ ಕಟ್ಟಲಾಗಿತ್ತೋ ಅವರಿಗೆ ಆ ಮಾಂಸವೇ ಕೂಲಿಯೂ ಆಗಿತ್ತು. ಮತ್ತೆ ಯಾವಾಗ ಸಿಗುವುದೋ ತಿಳಿಯದ್ದರಿಂದ ಒಣಗಿಸಿಟ್ಟರು. 1927ರಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರ್ ತಮ್ಮ ಜನರಿಗೆ ಸತ್ತ ದನದ ಮಾಂಸ ಬಿಡಿ ಎಂದು ಕರೆ ಕೊಟ್ಟದ್ದು ಅಡುಗೆಯ ವಿಷಯವಾಗಿ ಅಲ್ಲ, ಮಾನದ ವಿಷಯವಾಗಿ. 1948ರಲ್ಲಿ ಅಸ್ಪೃಶ್ಯತೆಯ ಮೂಲ ಹುಡುಕುತ್ತ ಅವರು ಬರೆದ ಪುಸ್ತಕದಲ್ಲೂ ಗೋಮಾಂಸ ಭಕ್ಷಣೆಯೇ ವಾದದ ಕೇಂದ್ರ. ಮರಾಠವಾಡದ ದಲಿತ ಅಡುಗೆಯನ್ನು 2015ರಲ್ಲಿ ಮರಾಠಿಯಲ್ಲಿ ದಾಖಲಿಸಿದ ಶಾಹು ಪಾಟೋಳೆ ಕೂಡ ಅದನ್ನು ಜಾತಿಯ ಕಥೆಯಿಂದ ಬಿಡಿಸಿ ಹೇಳಲಿಲ್ಲ. ನಾಳೆಗಾಗಿ ತೆಗೆದಿಡುವುದರಲ್ಲಿ ಒಂದು ಕಾಲಕ್ಕೆ ಇದ್ದದ್ದು ಅಭದ್ರತೆ. ಈಗ ಇರುವುದು ಬಿಡುವಿಲ್ಲದ ಕೆಲಸ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಅಗತ್ಯವಿಲ್ಲ.

ಇನ್ನು ಕರ್ನಾಟಕದ ವಿಶೇಷ ಸಂಗತಿ. 1964ರ ಗೋಹತ್ಯೆ ತಡೆ ಕಾಯ್ದೆಯಲ್ಲಿ ಹನ್ನೆರಡು ವರ್ಷ ದಾಟಿದ ಎತ್ತು, ಹೋರಿ, ಎಮ್ಮೆಗಳನ್ನು ಪ್ರಮಾಣಪತ್ರ ಪಡೆದು ಕೊಯ್ಯಲು ಅವಕಾಶವಿತ್ತು. ಅದರ ಜಾಗಕ್ಕೆ ಬಂದ 2020ರ ಅಧಿನಿಯಮ, 2021ರಿಂದ ಜಾರಿಯಲ್ಲಿರುವುದು, ಎತ್ತು ಹೋರಿಗಳನ್ನೂ ನಿಷೇಧದೊಳಗೆ ಸೇರಿಸಿತು. ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳಷ್ಟೇ ಹೊರಗುಳಿದವು. ತಪ್ಪಿದರೆ ಮೂರರಿಂದ ಏಳು ವರ್ಷ ಸೆರೆ. ಇದರ ರಾಜಕೀಯವನ್ನು ಬೇರೆಯವರು ಸಾಕಷ್ಟು ಚರ್ಚಿಸಿದ್ದಾರೆ. ಅಡುಗೆಮನೆಯ ಪರಿಣಾಮವನ್ನು ಮಾತ್ರ ಯಾರೂ ಗಮನಿಸಿದಂತಿಲ್ಲ. ಕಾನೂನುಬದ್ಧವಾಗಿ ಬೀಫ್ ಎಂದು ಮಾರಬಹುದಾದದ್ದು ಮುದಿ ಎಮ್ಮೆಯ ಮಾಂಸ ಮಾತ್ರ. ವಯಸ್ಸಾದಂತೆ ಪ್ರಾಣಿಯ ಸ್ನಾಯುಗಳನ್ನು ಹಿಡಿದಿಡುವ ಕೊಲಾಜೆನ್ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳುತ್ತವೆ. ಎಳೆ ಕರುವಿನ ಮಾಂಸಕ್ಕೆ ಬರೆದ ಪಾಶ್ಚಾತ್ಯ ಪಾಕವಿಧಾನವನ್ನು ಹಿಡಿದು ಹತ್ತು ನಿಮಿಷ ಹುರಿದು ಇಳಿಸಿದರೆ ಅಗಿಯುವವನ ದವಡೆಗೆ ಶಿಕ್ಷೆ. ಆ ಕೊಲಾಜೆನ್ ಕರಗಿ ಜೆಲಾಟಿನ್ ಆಗಲು ಎಪ್ಪತ್ತು ಎಂಬತ್ತು ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಕು. ಸುಮಾರು 120 ಡಿಗ್ರಿ ಮುಟ್ಟುವ ಪ್ರೆಷರ್ ಕುಕ್ಕರಿನಲ್ಲೂ ಹಲವು ಸೀಟಿ ಕೂಗಿಸಬೇಕು.

ಅರ್ಧ ಕಿಲೋ ಬೇಯಿಸಲು ಎಷ್ಟು ಹೊತ್ತು ಬೇಕೋ ಎರಡು ಕಿಲೋ ಬೇಯಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಗ್ಯಾಸ್ ಲೆಕ್ಕ ಹಾಕಿದರೂ, ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಮನೆ ಸೇರುವವರ ಆಯಾಸದ ಲೆಕ್ಕ ಹಾಕಿದರೂ, ಬಲಿತ ಎಮ್ಮೆ ಬಾಡನ್ನು ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪವೇ ಬೇಯಿಸುವುದರಲ್ಲಿ ಅರ್ಥವಿಲ್ಲ. ಅದರ ಮೇಲೆ, ಮಾಂಸ ಸಿಗುವ ಅಂಗಡಿಗಳು ಎಲ್ಲ ಬಡಾವಣೆಗಳಲ್ಲೂ ಇಲ್ಲ. ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟಿನಿಂದ ಶಿವಾಜಿನಗರಕ್ಕೆ ಹೋಗಿಬರುವುದೆಂದರೆ ಅರ್ಧ ದಿನ. ಹೋದವರು ಕಾಲು ಕಿಲೋ ಕಟ್ಟಿಸಿಕೊಂಡು ಬರುವುದಿಲ್ಲ.

ಒಟ್ಟಿಗೆ ಬೇಯಿಸುವುದು ಸರಿ ಎಂದಮೇಲೆ ಹೇಗೆ ಎಂಬ ಪ್ರಶ್ನೆ ಬರುತ್ತದೆ. ಅಮೆರಿಕದ ಮಾದರಿಯೆಂದರೆ ಐದು ಡಬ್ಬ, ಐದರಲ್ಲೂ ಅದೇ ಅನ್ನ, ಅದೇ ಬ್ರಾಕೊಲಿ, ಅದೇ ಸಪ್ಪೆ ಮಾಂಸ. ದೇಹದಾರ್ಢ್ಯ ಪಟುಗಳ ಶಿಸ್ತಿನಿಂದ ಬಂದದ್ದು ಅದು. ಪ್ರೊಟೀನಿನ ಗ್ರಾಂ ಎಣಿಸುವವರಿಗೆ ಒಗ್ಗೀತು. ಊಟವೆಂದು ನೋಡಿದರೆ ಅದರಷ್ಟು ಬೇಸರದ್ದು ಇನ್ನೊಂದಿಲ್ಲ. ಈ ಬೇಸರ ಬರೀ ಮನಸ್ಸಿನದಲ್ಲ, ರಸಾಯನದ್ದೂ ಹೌದು. ಬೇಯಿಸಿದ ದನದ ಮಾಂಸವನ್ನು ತಣ್ಣಗಿಟ್ಟು ಮರುದಿನ ಬಿಸಿ ಮಾಡಿದಾಗ ಹಳಸಲು ಎಣ್ಣೆಯಂಥ, ರಟ್ಟಿನಂಥ ಒಂದು ವಾಸನೆ ಬರುತ್ತದೆ. 1958ರಲ್ಲಿ ಟಿಮ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು ಇದನ್ನು ಗುರುತಿಸಿ ವಿವರಿಸಿದರು. ಕೆಂಪು ಮಾಂಸದಲ್ಲಿ ಕಬ್ಬಿಣ ಹೆಚ್ಚು. ಬೇಯುವಾಗ ಅದು ತನ್ನ ಕಟ್ಟಿನಿಂದ ಬಿಡುಗಡೆಯಾಗಿ, ಜೀವಕೋಶದ ಪೊರೆಯ ಕೊಬ್ಬು ಗಾಳಿಯೊಂದಿಗೆ ಸೇರಿ ಕೆಡುವುದನ್ನು ಚುರುಕುಗೊಳಿಸುತ್ತದೆ. ಹಾಗಾಗಿ ಸಪ್ಪೆಯಾಗಿ ಸುಟ್ಟು ಹೋಳು ಮಾಡಿ ಡಬ್ಬಕ್ಕೆ ತುಂಬಿದ ಬೀಫ್ ಎರಡನೇ ದಿನಕ್ಕೇ ಸೋಲುತ್ತದೆ.

ಇಲ್ಲಿ ನಮ್ಮ ಕಡೆಯ ಅಡುಗೆ ಗೆಲ್ಲುತ್ತದೆ ಎಂದರೆ ಅದು ಊರಿನ ಅಭಿಮಾನದ ಮಾತಲ್ಲ. ಲವಂಗ, ಚಕ್ಕೆ, ಮೆಣಸು, ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ ಕೊಬ್ಬು ಹಾಗೆ ಕೆಡುವುದನ್ನು ತಡೆಯುವ ಗುಣವಿದೆ. ಗಟ್ಟಿ ಸಾರು ಮಾಂಸವನ್ನು ಮುಚ್ಚಿ ಗಾಳಿಯನ್ನು ದೂರವಿಡುತ್ತದೆ. ಬಲಿತ ಪ್ರಾಣಿಯ ಕೊಲಾಜೆನ್ ಕರಗಿ ಸಾರಿಗೆ ಇಳಿದದ್ದು ಫ್ರಿಜ್ಜಿನಲ್ಲಿ ಲೋಳೆಯಾಗಿ ಹೆಪ್ಪುಗಟ್ಟಿ ಹೋಳುಗಳ ಸುತ್ತ ಕವಚವಾಗುತ್ತದೆ. ಕೇರಳದ ಉಲರ್ತಿಯದು ಎಂಬ ಖಾದ್ಯ ನೋಡಿ: ಮೊದಲು ಮಸಾಲೆಯಲ್ಲಿ ಬೇಯಿಸಿ ನೀರು ಇಂಗಿಸುವುದು, ಆಮೇಲೆ ತೆಂಗಿನ ಚೂರು, ಕರಿಬೇವಿನ ಜೊತೆ ಎಣ್ಣೆಯಲ್ಲಿ ಕಪ್ಪಾಗುವವರೆಗೆ ಹುರಿಯುವುದು. ಎರಡು ಹಂತ. ಆ ಎರಡು ಹಂತಗಳ ನಡುವೆ ಎರಡು ದಿನದ ಅಂತರ ಇದ್ದರೂ ಪಾಕ ಕೆಡದು. ನನ್ನ ವಾದದ ತಿರುಳು ಇಷ್ಟೇ. ವಾರಕ್ಕಾಗುವಷ್ಟು ಮಾಂಸವನ್ನು ಮುಂಚೆ ಬೇಯಿಸಿಡಿ, ಊಟವನ್ನು ಮುಂಚೆ ಮಾಡಿಡಬೇಡಿ. ಶುಂಠಿ, ಬೆಳ್ಳುಳ್ಳಿ, ಅರಿಶಿನ, ಮೆಣಸು, ಉಪ್ಪು ಹಾಕಿ ಭಾನುವಾರ ಬೆಂದ ಒಂದೇ ಬಾಡು ಸೋಮವಾರ ಮುದ್ದೆಗೆ ಸಾರಾಗಬಹುದು, ಮಂಗಳವಾರ ಕಾಯಿತುರಿ ಹಾಕಿದ ಸುಕ್ಕಾ, ಬುಧವಾರ ಹುರುಳಿಕಾಯಿಯ ಜೊತೆ ಪಲ್ಯ. ಕೊನೆಯ ಹತ್ತು ಹದಿನೈದು ನಿಮಿಷದ ಒಗ್ಗರಣೆ ಅಂದಂದಿನದು. ತಾಜಾತನವೆಂದು ನಾಲಿಗೆ ಗುರುತಿಸುವುದರ ಬಹುಪಾಲು ಆ ಒಗ್ಗರಣೆಯಲ್ಲೇ ಇದೆ.

ಆದರೆ ಅಪಾಯವನ್ನು ನಾಲಿಗೆ ಗುರುತಿಸದು. 1993ರ ಮಾರ್ಚ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಒಂದು ಅಂಗಡಿ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆಂದು 1,400 ಪೌಂಡ್, ಅಂದರೆ ಸುಮಾರು 635 ಕಿಲೋ, ಉಪ್ಪು ಹಾಕಿದ ಗೋಮಾಂಸ ತರಿಸಿತು. ಹನ್ನೆರಡನೇ ತಾರೀಖಿನಿಂದ ಒಂದೊಂದೇ ಪಾಲನ್ನು ಮೂರು ಗಂಟೆ ಕುದಿಸಿ, ಹೊರಗೆ ಆರಲು ಬಿಟ್ಟು, ಆಮೇಲೆ ಫ್ರಿಜ್ಜಿಗೆ ಸೇರಿಸಿದರು. ಹಬ್ಬದ ಹೊತ್ತಿಗೆ ಹೊರತೆಗೆದು 49 ಡಿಗ್ರಿಯ ಆಸುಪಾಸಿನಲ್ಲಿ ಬೆಚ್ಚಗಿಟ್ಟು, ಕೊಯ್ದು ಮಾರಿದರು. ಹೊಟ್ಟೆ ನೋವು, ಭೇದಿಯಾಯಿತೆಂದು 156 ಜನ ಆರೋಗ್ಯ ಇಲಾಖೆಗೆ ತಿಳಿಸಿದರು. ಕಾರಣ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯ. ಮೂರು ಗಂಟೆ ಕುದಿಸಿದ ಮೇಲೂ ಅದು ಹೇಗೆ ಉಳಿಯಿತು ಎಂಬುದೇ ಇಲ್ಲಿ ಕಲಿಯಬೇಕಾದ ಪಾಠ. ಕುದಿತಕ್ಕೆ ಬ್ಯಾಕ್ಟೀರಿಯ ಸಾಯುತ್ತದೆ, ಅದರ ಬೀಜಕಗಳು ಸಾಯುವುದಿಲ್ಲ. ಪೈಪೋಟಿಗೆ ಬೇರೆ ಜೀವಿಗಳಿಲ್ಲದ, ಗಾಳಿಯಾಡದ, ಇನ್ನೂ ಬೆಚ್ಚಗಿರುವ ದೊಡ್ಡ ಮಾಂಸದ ಗುಡ್ಡೆಯ ನಡುವೆ ಅವು ಮೊಳೆಯುತ್ತವೆ. ನಲವತ್ತಮೂರರಿಂದ ನಲವತ್ತೇಳು ಡಿಗ್ರಿ ಅವಕ್ಕೆ ಸುಖದ ಹವೆ. ಹತ್ತು ನಿಮಿಷಕ್ಕೂ ಕಡಿಮೆಯಲ್ಲಿ ಸಂಖ್ಯೆ ಇಮ್ಮಡಿಸುತ್ತದೆ.

ಹಾಗಾಗಿ ವಾರದ ಅಡುಗೆಯಲ್ಲಿ ಕಣ್ಣಿಡಬೇಕಾದ ಗಳಿಗೆ ಬೇಯುವ ಗಳಿಗೆಯಲ್ಲ, ಆರುವ ಗಳಿಗೆ. ಅಮೆರಿಕದ ಆಹಾರ ಸಂಹಿತೆ ಹೋಟೆಲುಗಳಿಗೆ ವಿಧಿಸಿರುವ ಲೆಕ್ಕ ಇದು: 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ ಇಳಿಯಬೇಕು, ಒಟ್ಟು ಆರು ಗಂಟೆಯೊಳಗೆ 5 ಡಿಗ್ರಿ ಮುಟ್ಟಬೇಕು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ನಲ್ಲಿ ನೀರೇ ಬೆಚ್ಚಗಿರುವಾಗ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ತಾನಾಗಿ ಆರಲಿ ಎಂದು ಕಾದರೆ ಈ ಲೆಕ್ಕ ಯಾವತ್ತೂ ಕೂಡಿಬರದು. ನಮ್ಮ ಮನೆಗಳಲ್ಲಿ ಬೇರೂರಿದ ಒಂದು ನಂಬಿಕೆ ಬೇರೆ: ಬಿಸಿಯದನ್ನು ಫ್ರಿಜ್ಜಿನಲ್ಲಿ ಇಡಬಾರದು, ಪೂರ್ತಿ ತಣ್ಣಗಾಗಲಿ. ರಾತ್ರಿಯಿಡೀ ಹೊರಗಿಟ್ಟು ಬೆಳಿಗ್ಗೆ ಎತ್ತಿಡುವ ಈ ಜಾಣತನದಲ್ಲಿ ಫ್ರಿಜ್ ಉಳಿಯುತ್ತದೆ, ಹೊಟ್ಟೆ ಕೆಡುತ್ತದೆ. ಮಾಡಬೇಕಾದದ್ದು ಸರಳ. ದೊಡ್ಡ ಪಾತ್ರೆಯಿಂದ ಅಗಲವಾದ ತಟ್ಟೆಗಳಿಗೆ ಎರಡು ಇಂಚಿಗಿಂತ ಎತ್ತರವಿಲ್ಲದಂತೆ ಸುರಿಯುವುದು, ಆ ತಟ್ಟೆಗಳನ್ನು ಐಸ್ ಹಾಕಿದ ನೀರಿನಲ್ಲಿ ಕೂರಿಸುವುದು, ಉಗುರು ಬೆಚ್ಚಗಾದೊಡನೆ ಒಳಗಿಡುವುದು. ತಿನ್ನುವಾಗ ಬರೀ ಬೆಚ್ಚಗೆ ಮಾಡಿದರೆ ಸಾಲದು, ಕುದಿಯಲೇಬೇಕು.

ಫ್ರಿಜ್ ಬರುವ ಮೊದಲು ಹಳ್ಳಿಯ ಮನೆಗಳಲ್ಲಿ ಬಾಡಿನ ಸಾರನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಕುದಿಸಿ ಎರಡು ಮೂರು ದಿನ ಉಳಿಸಿಕೊಳ್ಳುತ್ತಿದ್ದರಲ್ಲ, ಅದು ಕುರುಡು ರೂಢಿಯಲ್ಲ. 1877ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜಾನ್ ಟಿಂಡಲ್ ತೋರಿಸಿಕೊಟ್ಟದ್ದೂ ಇದನ್ನೇ ಹೋಲುತ್ತದೆ: ಮೊದಲ ಕುದಿತಕ್ಕೆ ಉಳಿದ ಬೀಜಕಗಳು ಮೊಳೆತಾಗ ಮತ್ತೆ ಕುದಿಸಿದರೆ ಸಾಯುತ್ತವೆ. ಆದರೆ ಕೆಲವು ಸೂಕ್ಷ್ಮಜೀವಿಗಳು ಬಿಟ್ಟುಹೋಗುವ ವಿಷ ಕುದಿಸಿದರೂ ಹೋಗದು. ಅಜ್ಜಿಯ ವಿಧಾನ ಅಜ್ಜಿಯ ಕಾಲಕ್ಕೆ ಅತ್ಯುತ್ತಮವಾಗಿತ್ತು. ಫ್ರಿಜ್ ಇದ್ದೂ ಅದನ್ನೇ ನೆಚ್ಚುವುದು ಬೇಡ.

ಇಷ್ಟೆಲ್ಲ ಮಾಡಿದರೂ ಫ್ರಿಜ್ಜಿನಲ್ಲಿ ಬೇಯಿಸಿದ ಮಾಂಸದ ಆಯುಸ್ಸು ಮೂರು ನಾಲ್ಕು ದಿನ. ಭಾನುವಾರ ಮಾಡಿದ್ದು ಗುರುವಾರಕ್ಕೆ ಮುಗಿಯಬೇಕು. ವಾರಪೂರ್ತಿ ಎಂಬುದು ಮಾರಾಟದ ಮಾತು. ಶುಕ್ರವಾರ, ಶನಿವಾರಕ್ಕೆ ಬೇಕೆಂದರೆ ಆ ಪಾಲು ಭಾನುವಾರವೇ ಫ್ರೀಜರ್ ಸೇರಬೇಕು. ಬುಧವಾರ ರಾತ್ರಿ ಜ್ಞಾನೋದಯವಾಗಿ ಉಳಿದದ್ದನ್ನು ಫ್ರೀಜರಿಗೆ ತಳ್ಳುವುದರಿಂದ ಕಳೆದ ದಿನಗಳು ವಾಪಸು ಬರುವುದಿಲ್ಲ. ಕರೆಂಟ್ ಹೋಗುವ ಊರಿನಲ್ಲಿ ಇನ್ನೊಂದು ಲೆಕ್ಕ: ಬಾಗಿಲು ತೆರೆಯದೆ ಇದ್ದರೆ ಫ್ರಿಜ್ ನಾಲ್ಕು ಗಂಟೆ ತಣ್ಣಗಿರುತ್ತದೆ, ತುಂಬಿದ ಫ್ರೀಜರ್ ಎರಡು ದಿನದವರೆಗೂ ತಡೆಯುತ್ತದೆ. ಇದು ಗೊತ್ತಿದ್ದವರು ಬೇಸಿಗೆಯಲ್ಲಿ ಫ್ರಿಜ್ಜಿಗಿಂತ ಫ್ರೀಜರನ್ನೇ ನಂಬುತ್ತಾರೆ.

ತಂಗಳಿನ ಆಕ್ಷೇಪಕ್ಕೆ ಉತ್ತರ ಹೇಳುವುದು ಸುಲಭ. ನಿನ್ನೆಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಹೊಲಕ್ಕೆ ಹೋಗುತ್ತಿದ್ದ, ಮೀನುಸಾರು ಮರುದಿನವೇ ರುಚಿ ಎಂದು ಸಾಧಿಸುವ, ವರ್ಷದ ಉಪ್ಪಿನಕಾಯಿಯನ್ನು ಜಾಡಿಗಟ್ಟಲೆ ಹಾಕಿಡುವ ನಾಡಿನಲ್ಲಿ ಬಾಡು ಮಾತ್ರ ಅಂದಂದೇ ಆಗಬೇಕೆಂದರೆ ಅಲ್ಲಿ ಕೆಲಸ ಮಾಡುತ್ತಿರುವುದು ಮಡಿಯ ನೆನಪು, ಆರೋಗ್ಯವಲ್ಲ. ಆರೋಗ್ಯದ ನಿಜವಾದ ಆಕ್ಷೇಪ ಬೇರೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ, ಉಪ್ಪು ಹೊಗೆಗಳಿಂದ ಸಂಸ್ಕರಿಸಿದ ಮಾಂಸವನ್ನು ಖಚಿತವಾಗಿ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿತು. ವಾರಕ್ಕೆ ಬೇಯಿಸಿದ ತೂಕದಲ್ಲಿ 350ರಿಂದ 500 ಗ್ರಾಂ ಮೀರಬೇಡಿ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹೇಳುತ್ತದೆ. ಹಸಿಯಾಗಿ ಅದು ಹೆಚ್ಚೆಂದರೆ ಮುಕ್ಕಾಲು ಕಿಲೋ. ಫ್ರಿಜ್ಜಿನ ತುಂಬ ಡಬ್ಬಗಳಿದ್ದರೆ ಬೇಡವೆನಿಸಿದ ದಿನವೂ ತಿನ್ನುತ್ತೇವೆ ಎಂಬ ದೂರಿನಲ್ಲಿ ಸತ್ಯವಿದೆ. ಅಂದಂದು ಬೇಯಿಸುವವರು ವಾರದ ಕೊನೆಗೆ ಎಷ್ಟು ತಿಂದೆವೆಂದು ಹೇಳಲಾರರು ಎಂಬುದೂ ಅಷ್ಟೇ ಸತ್ಯ. ಒಬ್ಬರಿಗೆ ಮುಕ್ಕಾಲು ಕಿಲೋ ಎಂದು ಅಂಗಡಿಯಲ್ಲೇ ತೂಗಿಸಿದವರಿಗೆ ಎಲ್ಲೆ ಕಣ್ಣೆದುರೇ ಇರುತ್ತದೆ. ಉಳಿದ ದಿನ ಹುರುಳಿ, ಅವರೆ, ಮೊಟ್ಟೆ.

ಅಮೆರಿಕದ ಯಾವ ಪಾಕಪುಸ್ತಕವೂ ಹೇಳದ ಒಂದು ಸಂಗತಿ ಇಲ್ಲಿದೆ. ನಮ್ಮಲ್ಲಿ ಫ್ರಿಜ್ ಬರೀ ತಣ್ಣನೆಯ ಪೆಟ್ಟಿಗೆಯಾಗಿ ಉಳಿದಿಲ್ಲ. 2015ರ ಸೆಪ್ಟೆಂಬರ್ 28ರ ರಾತ್ರಿ ಉತ್ತರ ಪ್ರದೇಶದ ದಾದ್ರಿ ಬಳಿಯ ಬಿಸಾಡಾ ಗ್ರಾಮದಲ್ಲಿ ಗೋಮಾಂಸ ಇಟ್ಟುಕೊಂಡಿದ್ದಾರೆಂಬ ವದಂತಿಗೆ ಗುಂಪೊಂದು ಮನೆಗೆ ನುಗ್ಗಿ ಮನೆಯ ಯಜಮಾನನನ್ನು ಕೊಂದಿತು. ಆಮೇಲಿನ ಚರ್ಚೆ ಕೊಂದವರಿಗಿಂತ ಹೆಚ್ಚಾಗಿ, ಆ ಮಾಂಸ ಯಾವುದೆಂಬ ಪ್ರಯೋಗಾಲಯದ ವರದಿಯ ಸುತ್ತಲೇ ಸುತ್ತಿತು. ಅಂದಿನಿಂದ ಮಾಂಸವನ್ನು ಮನೆಯಲ್ಲಿ ಕೂಡಿಡುವುದೆಂದರೆ ಅನೇಕರಿಗೆ ಒಳಗೊಳಗೇ ಅಳುಕು. ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬೋರ್ಡುಗಳ ಬೆಂಗಳೂರಿನಲ್ಲಿ ಬಾಡಿಗೆಗಿರುವವರ ಲೆಕ್ಕ ಇನ್ನೂ ವಿಚಿತ್ರ: ವಾರಕ್ಕೆ ಒಮ್ಮೆ ಬೇಯಿಸಿದರೆ ವಾಸನೆ ಒಮ್ಮೆ ಮಾತ್ರ ಹೊರಹೋಗುತ್ತದೆ. ಕಿಟಕಿ ಮುಚ್ಚಿ, ಸೀಟಿ ಎಣಿಸಿ ಮುಗಿಸಿಬಿಟ್ಟರೆ ಆರು ದಿನ ನೆಮ್ಮದಿ. ಫಿಟ್‌ನೆಸ್‌ಗಾಗಿ ಹುಟ್ಟಿದ ಪದ್ಧತಿ ಇಲ್ಲಿ ಬಚ್ಚಿಟ್ಟುಕೊಳ್ಳುವ ಉಪಾಯವಾಗಿ ಒದಗುತ್ತಿದೆ. ಇದನ್ನು ಅನುಕೂಲವೆಂದು ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಇದೇ ದೇಶ ಎಮ್ಮೆ ಮಾಂಸವನ್ನು ಮೂಳೆ ತೆಗೆದು, ಹೆಪ್ಪುಗಟ್ಟಿಸಿ, ವಿಯೆಟ್ನಾಂ, ಮಲೇಷ್ಯಾ, ಈಜಿಪ್ಟ್, ಯುಎಇಗಳಿಗೆ ಹಡಗುಗಟ್ಟಲೆ ಕಳಿಸುವ ದೊಡ್ಡ ರಫ್ತುದಾರ. ಬಂದರಿನ ಶೀತಲಗೃಹದಲ್ಲಿ ವಿದೇಶಿ ವಿನಿಮಯವಾದದ್ದು ಬಾಡಿಗೆ ಮನೆಯ ಫ್ರೀಜರಿನಲ್ಲಿ ಗುಮಾನಿಯಾಗುತ್ತದೆ.

ಉಳಿದದ್ದು ದುಡಿಮೆಯ ಪ್ರಶ್ನೆ. ವಾರದ ಅಡುಗೆ ಹೆಂಗಸರ ಹೊರೆ ಇಳಿಸುತ್ತದೆ ಎಂದು ಅದರ ಪ್ರಚಾರಕರು ಹೇಳುತ್ತಾರೆ. ಆರು ಸಂಜೆಗಳ ಕೆಲಸ ಒಂದು ಭಾನುವಾರಕ್ಕೆ ಬಂದು ಬಿದ್ದು, ಆ ಭಾನುವಾರವೂ ಅದೇ ಹೆಂಗಸೇ ಮಾಂಸ ತೊಳೆದು, ಕೊಬ್ಬು ಬಿಡಿಸಿ, ಈರುಳ್ಳಿ ಕೊಯ್ದು, ಪಾತ್ರೆ ಉಜ್ಜಿದರೆ ಇಳಿದದ್ದೇನೂ ಇಲ್ಲ; ಅವಳ ಏಕೈಕ ರಜೆಯೂ ಹೋಯಿತು. ಆದರೆ ಈ ಪದ್ಧತಿಯಲ್ಲಿ ಒಂದು ಸಾಧ್ಯತೆ ಇದೆ. ದಿನದ ಅಡುಗೆ ಮಾಡಲು ಗಂಡಸು ಹೊತ್ತಿಗೆ ಮನೆ ಸೇರುವುದಿಲ್ಲವೆಂಬ ನೆಪವಾದರೂ ಇರುತ್ತದೆ. ಭಾನುವಾರ ಆ ನೆಪ ಇಲ್ಲ. ದೊಡ್ಡ ಪಾತ್ರೆ, ಭಾರದ ಕೆಲಸ, ಗಡಿಯಾರ ನೋಡಿ ಮಾಡುವ ಲೆಕ್ಕ: ಇದಕ್ಕೆ ಕೈಯಳತೆಯ ಸೂಕ್ಷ್ಮವೂ ಅಷ್ಟು ಬೇಕಿಲ್ಲ. ಗಂಡಸರಿಗೆ ಇದು ಬಾರದ್ದಲ್ಲ ಎಂಬುದಕ್ಕೆ ಕೊಲ್ಲಿಯಲ್ಲಿ ದುಡಿಯುವ ಕರಾವಳಿಯವರೇ ಸಾಕ್ಷಿ. ದುಬೈ, ದಮ್ಮಾಮ್‌ಗಳ ಹಂಚಿಕೊಂಡ ಕೋಣೆಗಳಲ್ಲಿ ಸರದಿ ಹಾಕಿಕೊಂಡು, ರಜೆಯ ದಿನ ಫ್ರೀಜರಿನ ಎಮ್ಮೆ ಮಾಂಸ ಬಿಡಿಸಿ ಹತ್ತಾರು ಜನಕ್ಕೆ ಎರಡು ಮೂರು ದಿನಕ್ಕಾಗುವಷ್ಟು ಸುಕ್ಕಾ, ಸಾರು ಮಾಡಿಡುವುದು ಅಲ್ಲಿನ ಮಾಮೂಲು. ಯಾರ ಸರದಿ, ಯಾರು ಪಾತ್ರೆ ತೊಳೆಯಬೇಕು, ಯಾವ ಡಬ್ಬ ಯಾವಾಗಿನದು ಎಂಬುದರಲ್ಲಿ ಯಾರಿಗೂ ಗೊಂದಲವಿಲ್ಲ. ಅದೇ ಗಂಡಸರು ರಜೆಗೆ ಊರಿಗೆ ಬಂದಾಗ ಸರದಿಯ ಚೀಟಿಯನ್ನು ಗೋಡೆಗೆ ಅಂಟಿಸುತ್ತಾರೆಯೇ ಎಂಬುದನ್ನು ಅವರ ಹೆಂಡಂದಿರನ್ನೇ ಕೇಳಬೇಕು.